ಸಮೀಕ್ಷೆಗಳ ಸಮೀಕ್ಷಾಮೀಮಾಂಸೆ

ಸಂಶೋಧನೆಯೆಂಬುದು ಲೋಕದಲ್ಲಿ ಮೇರೆಮೀರಿ ಬೆಳೆದ ಬಳಿಕ, ಯಾರು ಏನನ್ನು ಶೋಧಿಸಿದರೆಂಬುದನ್ನೇ ಶೋಧಿಸುವ ಇನ್ನೊಂದು ಶಾಸ್ತ್ರವು ಅವತರಿಸಲೇಬೇಕಾಯಿತು. ಅದೇ ಸ್ಕೋಪಿಂಗ್ ರಿವ್ಯೂ ಎಂಬ ವ್ಯಾಪ್ತಿಸಮೀಕ್ಷೆ. ಆಂಗ್ಲದೇಶದ ಯಾರ್ಕ್ ವಿಶ್ವವಿದ್ಯಾಲಯದ ಹಿಲರಿ ಆರ್ಕ್ಸಿ, ಲೀಸಾ ಓಮ್ಯಾಲಿ ಎಂಬ ವಿದುಷಿಯರು 2005ರಲ್ಲಿ ಇದಕ್ಕೆ ಸೂತ್ರಗಳನ್ನು ಕಟ್ಟಿದರು. ಪ್ರಶ್ನೆಯನ್ನು ಗೊತ್ತುಮಾಡುವುದು, ಬರೆಹಗಳನ್ನು ಅರಸುವುದು, ಕೇರುವುದು, ಕೋಷ್ಟಕಕ್ಕೆ ತುಂಬುವುದು, ಒಟ್ಟುಗೂಡಿಸಿ ವರದಿಮಾಡುವುದು ಎಂದು ಅಂಗಗಳು ಐದು. ಆರನೆಯದೊಂದುಂಟು; ಅದರ ಗೌರವಕ್ಕೆ ತಕ್ಕಂತೆ ಅದನ್ನು ಕಡೆಗಿಟ್ಟುಕೊಳ್ಳೋಣ.

ಈ ಶಾಸ್ತ್ರದ ಪರಮಸೌಲಭ್ಯವೇನೆಂದರೆ, ಕೈಗೆ ಸಿಕ್ಕ ಬರೆಹವು ಸತ್ಯವನ್ನು ನುಡಿಯುತ್ತಿದೆಯೋ ಇಲ್ಲವೋ ಎಂದು ತೂಗಿನೋಡುವ ಹೊರೆಯನ್ನು ಸಮೀಕ್ಷಕನು ಹೊರಬೇಕಾಗಿಲ್ಲ; 2018ರಲ್ಲಿ ಹೊರಟ 22 ಅಂಶಗಳ ನಿಯಮಾವಳಿಯೂ ಗುಣಪರೀಕ್ಷೆಗೆ ಸಂಬಂಧಿಸಿದ 2 ಅಂಶಗಳನ್ನು ಐಚ್ಛಿಕವೆಂದೇ ಬಿಟ್ಟಿದೆ. ತಂಬಾಕು ಹರಾಜು ಮಾರುಕಟ್ಟೆಯಲ್ಲಿ ಬೇಲುಬೇಲಿಗೂ ಗ್ರೇಡು ಕಟ್ಟಿಸಿಕೊಳ್ಳುವ ಹುಣಸೂರಿನ ರೈತನು ಇದನ್ನು ಕೇಳಿದರೆ ಹೊಟ್ಟೆಕಿಚ್ಚು ಪಡದಿರನು.

ಇಂಥ ಶಾಸ್ತ್ರದ ಪ್ರಯೋಗಕ್ಕೆ ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಿಗಿಂತ ಪ್ರಶಸ್ತವಾದ ಭೂಮಿಯನ್ನು ನಾನರಿಯೆ. 1974ರಲ್ಲಿ ಪೂರೈಸಿದ ಕಬಿನಿಯ ಅಣೆಕಟ್ಟು, ನಾಗರಹೊಳೆಯ ಹುಲಿ, ಹುಣಸೂರು ಪಿರಿಯಾಪಟ್ಟಣಗಳ ಬ್ಯಾರನ್ನುಗಳಲ್ಲಿ ಹದಗೊಳ್ಳುವ ಹೊಗೆಸೊಪ್ಪು, ಅದಕ್ಕೆ ಉರಿಯುವ ಸೌದೆ, ಬೈಲಕುಪ್ಪೆಯ ಟಿಬೆಟನ್ನರು—ಇವುಗಳಲ್ಲಿ ಪ್ರತಿಯೊಂದೂ ಪ್ರಬಂಧಗರ್ಭಿತವಾದುದು. ಇವೆಲ್ಲಕ್ಕೂ ಮಿಗಿಲಾದುದು ಹೆಗ್ಗಡದೇವನಕೋಟೆಯ ಜೇನುಕುರುಬರ ಹಾಡಿ. ಅವರ ರಕ್ತ, ಹಲ್ಲು, ಹಾಡು, ಗೆಡ್ಡೆಗೆಣಸು, ಕಾಡನ್ನು ಬಿಟ್ಟು ಬಂದ ಕಥೆ, ಮಕ್ಕಳು ಶಾಲೆಯನ್ನು ಬಿಟ್ಟ ಕಾರಣ, ಎಲ್ಲಕ್ಕೂ ಪ್ರಶ್ನಾವಳಿಯುಂಟು. ಹಾಡಿಯ ನಾಯಿಗಳೂ ಪ್ರಶ್ನಾವಳಿ ಹಿಡಿದವರನ್ನು ಕಂಡು ಬೊಗಳುವುದನ್ನು ಬಿಟ್ಟಿವೆಯೆಂಬುದು ನನ್ನ ಊಹೆ.

ಕೃಷ್ಣರಾಜನಗರದ ಪಾಡೇ ಬೇರೆ. ಕಾವೇರಿಯ ನಾಲೆಯ ನೀರಿನಲ್ಲಿ ಭತ್ತ ಬೆಳೆದು ಉಂಡು ಮಲಗಿದವನನ್ನು ಯಾವ ವಿದ್ವಾಂಸನು ಎಬ್ಬಿಸಿಯಾನು? ಆದುದರಿಂದ ಸಮೀಕ್ಷಕನ ನಕ್ಷೆಯಲ್ಲಿ ಅಲ್ಲೊಂದು ತೆರಪು ಕಾಣಿಸುವುದು, ಕಂಡೊಡನೆ ‘ಹೆಚ್ಚಿನ ಸಂಶೋಧನೆ ಅತ್ಯವಶ್ಯ’ವೆಂದು ಬರೆಯಲ್ಪಡುವುದು, ಬರೆದೊಡನೆ ಧನಸಹಾಯವು ಒದಗುವುದು, ಒದಗಿದೊಡನೆ ಆ ಪುಣ್ಯಾತ್ಮನ ನಿದ್ದೆಯೂ ಕೆಡುವುದು.

ಇನ್ನು ಷಷ್ಠಾಂಗ. ವಿಷಯಕ್ಕೆ ಸಂಬಂಧಪಟ್ಟ ಜನರನ್ನೇ ಕಂಡು ವಿಚಾರಿಸುವುದೆಂಬ ಇದನ್ನು ಸೂತ್ರಕರ್ತ್ರಿಯರು ಐಚ್ಛಿಕವೆಂದರು. ಅವಶ್ಯವೆಂದು 2010ರಲ್ಲಿ ಕೆನಡಾದ ಡ್ಯಾನಿಯೆಲ್ ಲೆವಾಕ್ ಮೊದಲಾದ ಭಾಷ್ಯಕಾರರು ವಾದಿಸಿದರು. ಭಾಷ್ಯಕಾರರ ಪಕ್ಷವನ್ನು ಹಿಡಿದು ಹಾಡಿಯನ್ನು ಹೊಕ್ಕ ಸಮೀಕ್ಷಕನಿಗೆ ಅಲ್ಲಿಯ ಅಜ್ಜಿಯು, “ಹೋದೊರ್ಸ ಬಂದಿದ್ದೋರ್ಗೆ ಎಲ್ಲಾ ಹೇಳಿವ್ನಿ ಸ್ವಾಮಿ, ಅವ್ರನ್ನೇ ಕೇಳ್ಕಳಿ” ಎಂದಳೆಂದು ಇಟ್ಟುಕೊಳ್ಳಿ. ಇದ್ದುದನ್ನು ಮೊದಲು ಓದಿಕೊಂಡು ಬಾ ಎಂಬ ವ್ಯಾಪ್ತಿಸಮೀಕ್ಷೆಯ ಸಾರಸರ್ವಸ್ವವನ್ನೇ ಆಕೆ ನುಡಿದಿರುವುದರಿಂದ ಶಾಸ್ತ್ರದೃಷ್ಟಿಯಿಂದ ಆ ಮಾತು ನಿರ್ದುಷ್ಟವಾದುದು. ಕೋಷ್ಟಕದಲ್ಲಿ ಅದಕ್ಕೆ ಕಲಮು ಇಲ್ಲದ ಕಾರಣ ‘ಇತರೆ’ ಎಂಬಲ್ಲಿ ನಮೂದಿಸತಕ್ಕದ್ದು.