ಬೇಲಿಯ ಆಚೆಯೋ, ಈಚೆಯೋ?

"ಸಾರ್, ನಮ್ಮ ತೋಟದ ಬೇಲಿ ಹತ್ರ ಮಂಗ ಸತ್ತು ಬಿದ್ದಿದೆ."

"ಬೇಲಿಯ ಆಚೆಯೋ, ಈಚೆಯೋ?"

ಮಲೆನಾಡಿನಲ್ಲಿ ಚಳಿ ಶುರುವಾಯಿತೆಂದರೆ ಇಂಥ ಫೋನೂ ಶುರು. ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಬದುಕಿದ್ದಾಗ ಮಂಗ ಅರಣ್ಯ ಇಲಾಖೆಯದು. ಸತ್ತರೆ ಕೊಯ್ದು ನೋಡಬೇಕಾದವರು ಪಶುವೈದ್ಯರು. ಅದರ ಮೈಮೇಲಿನ ಉಣುಗು ಆರೋಗ್ಯ ಇಲಾಖೆಗೆ ಸೇರಿದ್ದು. ಸುಡುವ ಕಟ್ಟಿಗೆ ಪಂಚಾಯ್ತಿ ಬಾಬ್ತು. ಇಷ್ಟೂ ಜೀಪು ಬಂದು ಸೇರುವುದರೊಳಗೆ ಹೆಣ ತಣ್ಣಗಾಗಿರುತ್ತದೆ. ತಣ್ಣಗಾದ ಮೈಯಲ್ಲಿ ಉಣುಗಿಗೇನು ಕೆಲಸ? ಕೆಳಗಿಳಿದು ತರಗೆಲೆಯ ದರಕಿನಲ್ಲಿ ಕೂತು ಮುಂದಿನ ಬಿಸಿರಕ್ತಕ್ಕೆ ಕಾಯುತ್ತದೆ. ಅದಕ್ಕೆ ವರ್ಗಾವಣೆ ಆದೇಶ ಬೇಕಿಲ್ಲ. ಹೆಣದ ಸುತ್ತ 50 ಅಡಿ ಮೆಲಾಥಿಯಾನ್ ಪುಡಿ ಎರಚಬೇಕು ಎಂಬ ನಿಯಮವೇನೋ ಇದೆ. ಪುಡಿ ಗೋದಾಮಿನಲ್ಲಿ, ಗೋದಾಮಿನ ಬೀಗದ ಕೈ ಮೀಟಿಂಗಿನಲ್ಲಿ.

ಈ ಆಟಕ್ಕೆ ಚೌಕಿ ಹಾಕಿದ್ದು 1957ರಲ್ಲಿ. ಆಗ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯ, ಮಂಗಗಳು ಉದುರಿದವು. ಹಿಂದೆಯೇ ಊರವರು ಜ್ವರ ಹತ್ತಿ ಮಲಗಿದರು. ಹಳದಿ ಜ್ವರ ಇಲ್ಲಿಗೂ ಬಂತೇ ಎಂದು ಗಾಬರಿಯಾಗಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು, ಹೊಸ ವೈರಸ್ಸನ್ನೇ ಹಿಡಿದರು, ಅದಕ್ಕೆ ಕಾಡಿನ ಹೆಸರಿಟ್ಟರು. ಜನ ಮಂಗನ ಹೆಸರಿಟ್ಟರು: ಮಂಗನ ಕಾಯಿಲೆ. ಕಳ್ಳತನವಾದರೆ ಕಳ್ಳನ ಮೇಲೆ ಕೇಸು ಹಾಕುವುದು ವಾಡಿಕೆ. ಇಲ್ಲಿ ಮೊದಲು ಸತ್ತವನೇ ಮೊದಲ ಆರೋಪಿ.

ತಲೆಮರೆಸಿಕೊಂಡವರು ಬೇರೆಯೇ ಇದ್ದಾರೆ. ವೈರಸ್ಸನ್ನು ಕಾಡಿನಲ್ಲಿ ಸದ್ದಿಲ್ಲದೆ ಸಾಕಿಕೊಂಡು ಬರುವುದು ಉಣುಗು, ಇಲಿ, ಸುಂಡಿಲಿಗಳು. ಅವು ಮಂಗನ ಹಾಗೆ ಮರದಿಂದ ಬಿದ್ದು ಸುದ್ದಿಯಾಗುವುದಿಲ್ಲ. ಬೆಳೆದ ಉಣುಗಿಗೆ ಹೊಟ್ಟೆ ತುಂಬ ರಕ್ತ ಕುಡಿಸಿ ಸಂತತಿ ಹೆಚ್ಚಿಸುವುದು ಕಾಡಂಚಿಗೆ ಮೇಯಲು ಹೋಗುವ ನಮ್ಮ ದನ. ದನಕ್ಕೆ ಕಾಯಿಲೆ ಬರುವುದಿಲ್ಲ. ಆರೋಪಪಟ್ಟಿಗೆ ಹಸುವಿನ ಹೆಸರು ಸೇರಿಸುವ ಎದೆಗಾರಿಕೆ ಯಾವ ಪಕ್ಷಕ್ಕೂ ಬರುವುದಿಲ್ಲ. ಇನ್ನು ಕಾಡು ಕಡಿದು, ಗದ್ದೆ, ಗೇರುತೋಪು ಮಾಡಿ, ದನ, ಮಂಗ, ಮನುಷ್ಯ ಮೂವರನ್ನೂ ಒಂದೇ ಅಂಚಿಗೆ ತಂದು ನಿಲ್ಲಿಸಿದವರು? ಅವರ ಹೆಸರು ಸಾಕ್ಷಿಗಳ ಪಟ್ಟಿಯಲ್ಲಿದೆ.

ಗೋಡೆಯ ಮೇಲಿನ ಭಿತ್ತಿಪತ್ರ ಹೇಳುತ್ತದೆ: "ಕಾಡಿಗೆ ಹೋಗಬೇಡಿ." ಸರಿ, ಕೊಟ್ಟಿಗೆಗೆ ಹಾಸುವ ದರಕು ಪೋಸ್ಟಿನಲ್ಲಿ ಬರುತ್ತದೆಯೇ? ಬೆಳಗ್ಗೆ ಹೆಡಿಗೆ ಹೊತ್ತು ಗುಡ್ಡ ಹತ್ತಿದ ಅಕ್ಕ ಎರಡು ಕೈಯಲ್ಲಿ ತರಗೆಲೆ ಬಾಚಿ, ಹೆಡಿಗೆಗೆ ತುಂಬಿ, ಕಾಲಲ್ಲಿ ತುಳಿದು, ಮತ್ತಷ್ಟು ತುಂಬಿ, ತಲೆಯ ಮೇಲೆ ಹೊತ್ತು ಇಳಿಯುತ್ತಾಳೆ. ಗಸಗಸೆ ಕಾಳಿನಷ್ಟಿರುವ ಮರಿ ಉಣುಗು ಸೆರಗಿನಂಚಿನಲ್ಲಿ ಉಚಿತ ಪ್ರಯಾಣ ಮಾಡುತ್ತದೆ, ಆಧಾರ್ ಕಾರ್ಡನ್ನೂ ತೋರಿಸದೆ. ಮೈಗೆ ಬಳಿಯಲು ಎಣ್ಣೆ ಕೊಡುತ್ತಾರೆ: ಮೊದಲು ಡಿಎಂಪಿ, ಈಗ ಡೆಪಾ. ಸುರಿಯುವ ಬೆವರಿನಲ್ಲಿ ಎಣ್ಣೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಒಮ್ಮೆಯೂ ದರಕು ಗುಡಿಸದವರು ಲೆಕ್ಕ ಹಾಕಿ ಹೇಳುತ್ತಾರೆ.

ಈ ಕಾಯಿಲೆಯ ದೊಡ್ಡ ದೋಷವೆಂದರೆ ಅದು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ರೋಗಿ ಬೆಂಗಳೂರಿನ ಬಸ್ಸು ಹತ್ತಿದರೂ ಪಕ್ಕದ ಸೀಟಿನವರು ನೆಮ್ಮದಿಯಾಗಿ ಗೊರಕೆ ಹೊಡೆಯಬಹುದು. ಕೊರೊನಾಕ್ಕೆ ಆ ದೋಷವಿರಲಿಲ್ಲ. ವರ್ಷವೊಂದರಲ್ಲಿ ಲಸಿಕೆ ಬಂತು. ಮಂಗನ ಕಾಯಿಲೆಯ ಹಳೆಯ ಲಸಿಕೆಯನ್ನು ಡೋಸಿನ ಮೇಲೆ ಡೋಸು ಚುಚ್ಚಿ, ಕೊನೆಗೆ ಪರಿಣಾಮ ಸಾಲದು ಎಂದು ಕೈಬಿಟ್ಟರು. ಹೊಸ ಲಸಿಕೆ ದಾರಿಯಲ್ಲಿದೆಯಂತೆ. ಘಾಟಿ ರಸ್ತೆ, ನಿಧಾನ. ಅಲ್ಲಿಯವರೆಗೆ ಡ್ರಿಪ್ಪು, ವಿಶ್ರಾಂತಿ, ಮೇಲೆ ದೇವರು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಸಾಲು ಸಾವುಗಳಾದಾಗ ಇಡೀ ರಾಜ್ಯಕ್ಕೆ ಆ ಊರಿನ ಹೆಸರು ಬಾಯಿಪಾಠವಾಯಿತು. ಮಳೆ ಬಂತು, ಮರಿ ಉಣುಗು ಅಡಗಿತು, ನಮ್ಮ ಬಾಯಿಪಾಠವೂ ಮರೆತುಹೋಯಿತು.

ಇರಲಿ, ಬೇಲಿಯ ವಿಷಯಕ್ಕೆ ಬರೋಣ. ಟೇಪು ಹಿಡಿದು ಅಳೆಯಲಾಗಿ ತಲೆ ಕಾಡಿನಲ್ಲಿ, ಬಾಲ ತೋಟದಲ್ಲಿ ಇರುವುದು ಕಂಡುಬಂತು. ಎಲ್ಲ ಇಲಾಖೆಗಳೂ ಕೂಡಿ, ಪಂಚರ ಸಮಕ್ಷಮ ಮಹಜರು ಬರೆದು ಸಹಿ ಹಾಕಿದವು.

ಮೃತನ ಹೆಸರು: ಮಂಗ.
ಸಾವಿಗೆ ಕಾರಣ: ಮಂಗನ ಕಾಯಿಲೆ.
ಷರಾ: ಸ್ವಯಂಕೃತಾಪರಾಧ.