ಎರಡು ಹಗ್ಗದ ವಿಜ್ಞಾನಿ

ನಮ್ಮ ಮನೆಯಲ್ಲಿ ಎಲ್ಲರೂ ಉಯ್ಯಾಲೆಯಲ್ಲಿ ಕೂರುತ್ತಾರೆ. ನಾನೊಬ್ಬ ಮಾತ್ರ ಎದುರಿಗೆ ನಿಂತು ಅದನ್ನು ನೋಡುತ್ತೇನೆ. ಬೋರನಕಣಿವೆ ಕಡೆಯ ತೆಂಗಿನ ತೋಟದ ಮನೆ ಎಂದಮೇಲೆ ಹಗ್ಗಕ್ಕೂ ಬರವಿಲ್ಲ, ತೊಲೆಗೂ ಬರವಿಲ್ಲ. ಬರ ಏನಿದ್ದರೂ ಸುವರ್ಣಮುಖಿ ಹೊಳೆಯ ನೀರಿಗೆ, ಆಮೇಲೆ ನನ್ನ ವಿವರಣೆ ಕೇಳುವವರಿಗೆ.

ಏಳೂವರೆ ಅಡಿ ಹಗ್ಗದ ಉಯ್ಯಾಲೆ ಒಂದು ಸಲ ಹೋಗಿ ಬರಲು ಸುಮಾರು 3 ಸೆಕೆಂಡು ಬೇಕು. ಕೂತವರ ತೂಕಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಸತ್ಯವನ್ನು ಹೆಂಡತಿಗೆ ತಿಳಿಸುವ ಹುಮ್ಮಸ್ಸಿನಲ್ಲಿ, "ನೋಡು, ಮಗು ಕೂತರೂ ಅಷ್ಟೇ, ನೀನು ಕೂತರೂ ಅಷ್ಟೇ" ಅಂದೆ.

"ಏನ್ರೀ ಹಾಗಂದ್ರೆ?" ಅಂದಳು. ಭೌತಶಾಸ್ತ್ರ ತೂಕವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂದೆ. ರಾತ್ರಿ ತಟ್ಟೆಗೆ ಬಿದ್ದ ಮುದ್ದೆಯನ್ನು ಮಾತ್ರ ಬಹಳ ಲೆಕ್ಕ ಹಿಡಿದೇ ಕಟ್ಟಿದ್ದಳು.

ಇನ್ನು ಉಯ್ಯಾಲೆಗೆ ಎರಡು ಹಗ್ಗ ಯಾಕೆ? ಒಂದೇ ದಾರಕ್ಕೆ ತೂಗಿದ ಗುಂಡು ಎತ್ತ ಬೇಕಾದರೂ ಹೋದೀತು. ಎರಡು ದಾರ ಮೇಲೆ ಅಗಲವಾಗಿ ಕಟ್ಟಿ, ಕೆಳಗೆ ಗುಂಡಿನ ಹತ್ತಿರ ಸೇರಿಸಿದರೆ ಅದಕ್ಕೆ ಹಿಂದೆ-ಮುಂದೆ ಬಿಟ್ಟು ಬೇರೆ ದಾರಿಯಿಲ್ಲ. ಮೇಜಿನ ಮೇಲೆ ಟಕಟಕ ಬಡಿದಾಡುವ ಉಕ್ಕಿನ ಗುಂಡುಗಳ ಆಟಿಕೆಯಲ್ಲಿ ಪ್ರತಿ ಗುಂಡಿಗೂ ಎರಡೆರಡು ದಾರ ಇರುವುದು ಇದಕ್ಕೇ. 1851ರಲ್ಲಿ ಪ್ಯಾರಿಸ್ಸಿನಲ್ಲಿ ಫೂಕೋ ಎಂಬ ವಿಜ್ಞಾನಿ 67 ಮೀಟರಿನ ಒಂದೇ ತಂತಿಗೆ ಗುಂಡು ತೂಗಿ ಭೂಮಿ ತಿರುಗುವುದನ್ನು ತೋರಿಸಿದ. ನಮ್ಮ ಹಾಗೆ ಎರಡು ಕಟ್ಟಿದ್ದರೆ ಪಾಪ, ಭೂಮಿ ನಿಂತಲ್ಲೇ ನಿಂತಂತೆ ಕಂಡಿರುತ್ತಿತ್ತು.

ಎರಡು ಹಗ್ಗದ ಇನ್ನೊಂದು ಉಪಯೋಗವೇ ನನ್ನ ಮಾನ ಕಳೆದದ್ದು. ಸಮಾನಾಂತರ ಎರಡು ಹಗ್ಗದಲ್ಲಿ ವಸ್ತುವನ್ನು ತೂಗುಹಾಕಿ, ತುಸು ತಿರುಚಿ ಬಿಟ್ಟರೆ ಅದು ಎಡಕ್ಕೂ ಬಲಕ್ಕೂ ತಿರುಗಾಡುತ್ತದೆ. ಒಂದು ಸಲ ಹಾಗೆ ತಿರುಗಿ ಬರುವ ಹೊತ್ತನ್ನು ಅಳೆದರೆ ವಸ್ತು ತಿರುಗಲು ಎಷ್ಟು ಮೊಂಡು ಹಿಡಿಯುತ್ತದೆ ಎಂದು ಗೊತ್ತಾಗುತ್ತದೆ. ವಿಮಾನದಂಥ ಅಂಕುಡೊಂಕು ವಸ್ತುಗಳನ್ನೂ ಎಂಜಿನಿಯರುಗಳು ಹೀಗೆ ತೂಗುಹಾಕಿ ಅಳೆದಿದ್ದಾರೆ. ವಿಮಾನಕ್ಕೆ ಆಗುವುದಾದರೆ ತೆಂಗಿನಕಾಯಿಗೆ ಯಾಕಾಗಬಾರದು?

ಅಟ್ಟದಲ್ಲಿ ವರ್ಷದ ಹತ್ತಿರ ಹತ್ತಿರ ಒಣಗುತ್ತಿದ್ದ ಕಾಯಿಗಳಲ್ಲಿ ಕೊಬ್ಬರಿಯಾದದ್ದು ಯಾವುದು, ಒಳಗೆ ಇನ್ನೂ ನೀರಿರುವುದು ಯಾವುದು ಎಂದು ವೈಜ್ಞಾನಿಕವಾಗಿ ಆರಿಸಲು ಹೊರಟೆ. ನೀರು ಚಿಪ್ಪಿನ ಜೊತೆ ಪೂರ್ತಿ ತಿರುಗುವುದಿಲ್ಲ, ಹಿಂದೆ ಎಳೆಯುತ್ತದೆ. ಹಾಗಾಗಿ ತಿರುಗಾಟ ಬೇಗ ತಣ್ಣಗಾಗಬೇಕು. ಹುರಿ ಕಟ್ಟಿ, ಗಂಟು ಜಾರಿ, ಮತ್ತೆ ಕಟ್ಟಿ, ಮೊಬೈಲಿನ ಸ್ಟಾಪ್‌ವಾಚ್ ಒತ್ತುವಷ್ಟರಲ್ಲಿ ಅಮ್ಮ ಬಂದಳು. ಪಕ್ಕದ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಕೊಬ್ಬರಿ ಗಟಗಟ ಅಂದಿತು. "ಆಗೈತೆ" ಎಂದು ಬಲಕ್ಕೆ ಹಾಕಿದಳು. ಇನ್ನೊಂದು ಬುಳಬುಳ ಅಂದಿತು. "ಇದು ಆಗಿಲ್ಲ." ಎಡಕ್ಕೆ. ನನ್ನ ಒಂದು ಕಾಯಿ ಇನ್ನೂ ತಿರುಗುತ್ತಲೇ ಇತ್ತು.

"ಲೋ, ಕಿವಿ ಕೊಟ್ಟಿಲ್ವೇನೋ ದೇವರು ನಿಂಗೆ?"

ಕೆಳಗಿನಿಂದ ಹೆಂಡತಿ ಕೂಗಿದಳು: "ಎಲ್ಲಾ ಕಾಯಿಗೂ ಹಗ್ಗ ಕಟ್ಟಿ ಮುಗಿಸೋ ಹೊತ್ತಿಗೆ ತಿಪಟೂರಲ್ಲಿ ಕೊಬ್ಬರಿ ರೇಟು ಬಿದ್ದಿರುತ್ತೆ ಕಣ್ರೀ!"

ನನ್ನ ಶಾಸ್ತ್ರ ಕೊಬ್ಬರಿಗೆ ಒದಗದಿದ್ದರೂ ಉಯ್ಯಾಲೆಗೆ ಒದಗುತ್ತದೆ. ಹಗ್ಗಗಳ ನಡುವಿನ ಅಂತರ ಅರ್ಧವಾದರೆ ಮಣೆ ತಿರುಚಿಕೊಳ್ಳುವ ಹೊತ್ತು ಎರಡರಷ್ಟಾಗುತ್ತದೆ. ಸಣ್ಣ ನೂಕಿಗೂ ಮಣೆ ಹೆಚ್ಚು ತಿರುಗುತ್ತದೆ. ಆದ್ದರಿಂದ ಯುಗಾದಿಗೆ ಮಕ್ಕಳಿಗೆ ಉಯ್ಯಾಲೆ ಕಟ್ಟುವಾಗ ಹಗ್ಗವನ್ನು ಮಣೆಯ ಎರಡೂ ತುದಿಗೆ ಹಾಕಿ, ಮೇಲೆ ತೊಲೆಯಲ್ಲಿ ಅದಕ್ಕಿಂತ ತುಸು ಅಗಲಕ್ಕೆ ಕಟ್ಟಿ.