ಸಸ್ಪೆನ್ಸ್ ಖಾತೆಯ ಬೋಲ್ಟುಗಳು

ಹನುಮಂತನಗರದ ನಮ್ಮ ಬೀದಿಗೆ ಭಾನುವಾರ ಬೆಳಿಗ್ಗೆ ಹೊಸಬರು ಯಾರಾದರೂ ಬಂದರೆ ಮೊದಲು ಕಣ್ಣಿಗೆ ಬೀಳುವುದು ಹೊಂಗೆಮರದ ನೆರಳಿನಲ್ಲಿ ಚಾಚಿಕೊಂಡ ಒಂದು ಜೊತೆ ಕಾಲು. ಹವಾಯಿ ಚಪ್ಪಲಿ, ಬ್ಯಾಂಕಿನ ಕಾಲದ ಹಳೇ ಟೆರಿಕಾಟ್ ಪ್ಯಾಂಟು, ಅಷ್ಟೇ. ಸೊಂಟದಿಂದ ಮೇಲಿನದೆಲ್ಲ ಬಿಳಿ ಮಾರುತಿ 800ರ ಅಡಿಯಲ್ಲಿ. ಗ್ಯಾಸ್ ಸಿಲಿಂಡರಿನ ಹುಡುಗ ಒಮ್ಮೆ ಇದನ್ನು ನೋಡಿ, "ಅಯ್ಯೋ, ಯಾರೋ ಸಿಕ್ಕಾಕ್ಕೊಂಡವ್ರೆ!" ಎಂದು ಕೂಗಿ, ಹೆಗಲ ಮೇಲಿದ್ದುದನ್ನು ಇಳಿಸಿ, ಆ ಎರಡು ಕಾಲನ್ನೂ ಹಿಡಿದು ಎಳೆದೇಬಿಟ್ಟ. ಮೂಗಿನ ತುದಿಗೆ ಗ್ರೀಸ್ ಮೆತ್ತಿಕೊಂಡ ರಾಯರು ಬೆಳಕಿಗೆ ಬಂದರು. "ಏನಿಲ್ಲಪ್ಪ, ಆಯಿಲ್ ಚೇಂಜು" ಎಂದರು, ಮತ್ತೆ ಒಳಗೆ ಹೋದರು.

ನಿಜವಾದ ಹೆಸರು ಪೆನ್ಷನ್ ಪುಸ್ತಕದಲ್ಲಿದೆ. ಬೀದಿಗೆಲ್ಲ ಇವರು ಸ್ಪ್ಯಾನರ್ ರಾಯರು. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಇಂಥವರು ಬೀದಿಗೊಬ್ಬರಾದರೂ ಇದ್ದಾರೆ. ಕೆಲವರ ಹತ್ತಿರ ಪದ್ಮಿನಿ ಇರುತ್ತದೆ, ಕೆಲವರ ಹತ್ತಿರ ಅಂಬಾಸಡರ್; ಕಾಯಿಲೆ ಮಾತ್ರ ಒಂದೇ. ಅದು ಹತ್ತಿಕೊಳ್ಳಬೇಕಾದರೆ ಮನುಷ್ಯ ನಿವೃತ್ತನಾಗಿರಬೇಕು, ಮಕ್ಕಳು ದೂರದೂರಿನಲ್ಲಿರಬೇಕು, ಯಾರೋ ಒಬ್ಬ ಗ್ಯಾರೇಜಿನವನು ಒಮ್ಮೆ ಟೋಪಿ ಹಾಕಿರಬೇಕು.

ರಾಯರಿಗೆ ಬಿದ್ದ ಟೋಪಿಯ ಕಥೆ ನನಗೆ ಬಾಯಿಪಾಠ. ಅವರು ಬ್ಯಾಂಕಿನಲ್ಲಿ ಇನ್ಸ್‌ಪೆಕ್ಷನ್ ವಿಭಾಗದಿಂದ ನಿವೃತ್ತರಾದವರು. ಆ ವಿಭಾಗದವರು ಯಾವುದನ್ನೂ ನಂಬುವುದಿಲ್ಲ. ನೋಟಿನ ಕಟ್ಟಿರಲಿ, ಪಕ್ಕದ ಮನೆಯವರು ಕೊಟ್ಟ ಕೋಸಂಬರಿಯಿರಲಿ, ಒಮ್ಮೆ ಎಣಿಸಿಯೇ ಬಿಡುತ್ತಾರೆ. ಒಂದು ಸಲ ಕಾರನ್ನು ಸರ್ವೀಸಿಗೆ ಬಿಡುವ ಮುನ್ನ ಏರ್ ಫಿಲ್ಟರಿನ ಅಂಚಿಗೆ ಬಾಲ್‌ಪೆನ್ನಿನಲ್ಲಿ ತಮ್ಮ ಇನಿಷಿಯಲ್ ಹಾಕಿ, ತಾರೀಖು ಬರೆದು ಬಿಟ್ಟಿದ್ದರು. ಸಂಜೆ ಬಂದ ಬಿಲ್ಲಿನಲ್ಲಿ 'ಹೊಸ ಏರ್ ಫಿಲ್ಟರ್' ಎಂದಿತ್ತು. ಮನೆಗೆ ಬಂದು ಡಬ್ಬಿ ಬಿಚ್ಚಿ ನೋಡಿದರೆ ಇವರದೇ ರುಜು, ಇವರದೇ ತಾರೀಖು, ಜೊತೆಗೆ ಒಂದು ಒಣಗಿದ ಹೊಂಗೆ ಎಲೆ. ಬಿಲ್ಲಿನ ಕೊನೆಗೆ 'ಕನ್ಸ್ಯೂಮಬಲ್ಸ್' ಎಂದು ಬೇರೆ 310 ರೂಪಾಯಿ. ವಿಚಾರಿಸಿದರೆ, ಕೈ ಒರೆಸಿಕೊಂಡ ಬಟ್ಟೆ ಎಂಬ ಉತ್ತರ ಬಂತು. ಆ ರಾತ್ರಿ ರಾಯರು ಊಟ ಮಾಡಲಿಲ್ಲ. ಮಾರನೆ ದಿನ ಜೆ.ಸಿ. ರಸ್ತೆಗೆ ಹೋಗಿ ಒಂದು ಸೆಟ್ ರಿಂಗ್ ಸ್ಪ್ಯಾನರ್ ತಂದರು.

ಕಾರು 1997ರ ಮಾಡೆಲ್, ಬ್ಯಾಂಕಿನ ಸಾಲದಲ್ಲಿ ತಂದದ್ದು. ಅದರ ಬಗ್ಗೆ ಕೇಳಿದರೆ ರಾಯರು ಗೋತ್ರ ಪ್ರವರ ಹೇಳುವ ಭಂಗಿಯಲ್ಲಿ ಶುರು ಮಾಡುತ್ತಾರೆ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿ ಕೊಟ್ಟದ್ದು ದೆಹಲಿಯ ಹರಪಾಲ್ ಸಿಂಗ್ ಎಂಬವರಿಗೆ. 796 ಸಿಸಿ, ಮೂರು ಸಿಲಿಂಡರ್, 12 ಇಂಚಿನ ಚಕ್ರ. ಕಟ್ಟಕಡೆಯ ಕಾರು ತಯಾರಾದದ್ದು 2014ರ ಜನವರಿಯಲ್ಲಿ. ಈ ಕೊನೆಯ ವಾಕ್ಯಕ್ಕೆ ಬಂದಾಗ ಸ್ವರ ತಗ್ಗುತ್ತದೆ. ಸಂಬಂಧಿಕರೊಬ್ಬರು ತೀರಿಕೊಂಡ ಸುದ್ದಿಯೇನೋ ಎಂದುಕೊಳ್ಳಬೇಕು. ಮಗ ಪುಣೆಯಿಂದ ಫೋನ್ ಮಾಡಿ, "ಅಪ್ಪಾ, ಅದನ್ನ ಗುಜರಿಗೆ ಹಾಕಿ, ಹೊಸದು ಕೊಡಿಸ್ತೀನಿ" ಎಂದಾಗಲೆಲ್ಲ ಇವರು ಲೈನ್ ಸರಿಯಿಲ್ಲ ಎನ್ನುತ್ತಾರೆ.

ನನಗೂ ಈ ವ್ಯವಹಾರಕ್ಕೂ ಏನು ಸಂಬಂಧ ಎಂದು ಕೇಳಬಹುದು. ನಾನು ಟಾರ್ಚ್ ಹಿಡಿಯುವವನು. ಕಾರು ರಿಪೇರಿ ಮಾಡುವ ಪ್ರತಿಯೊಬ್ಬ ಹವ್ಯಾಸಿಗೂ ಒಬ್ಬ ಟಾರ್ಚಿನವನು ಬೇಕು, ಮತ್ತು ಅವನು ಯಾವಾಗಲೂ ತಪ್ಪು ಜಾಗಕ್ಕೇ ಬೆಳಕು ಬಿಡುತ್ತಾನೆ. ಎಡಕ್ಕೆ ಅಂದರೆ ಅದು ಯಾರ ಎಡ ಎಂಬುದು ಕಾರಿನ ಅಡಿಯಲ್ಲಿ ಮಲಗಿದವರಿಗೂ ಬಾನೆಟ್ಟಿನ ಮೇಲೆ ಬಗ್ಗಿದವರಿಗೂ ಇಂದಿನವರೆಗೆ ಒಪ್ಪಂದವಾಗಿಲ್ಲ. ನಾಲ್ಕು ವರ್ಷ ಟಾರ್ಚ್ ಹಿಡಿದು ನಾನೂ ಅಷ್ಟಿಷ್ಟು ಕಲಿತೆ; ಹಾಗೆಂದು ಮನೆಯಲ್ಲಿ ಹೇಳಿಲ್ಲ.

ಮೊದಲ ಆಯಿಲ್ ಚೇಂಜು ಮರೆಯುವಂಥದಲ್ಲ. ಕಾರು ಬಂದಾಗ ಜೊತೆಗೆ ಕೊಟ್ಟ ಕೈಪಿಡಿಗೆ ರಾಯರು ಖಾಕಿ ಕಾಗದದ ರಟ್ಟು ಹಾಕಿ, ಮೇಲೆ 'ಓನರ್ಸ್ ಮ್ಯಾನುಯಲ್ – ಹೊರಗೆ ಕೊಡತಕ್ಕದ್ದಲ್ಲ' ಎಂದು ಬರೆದಿದ್ದರು. ಅದನ್ನೂ ಓದಿದರು, ಯೂಟ್ಯೂಬಿನಲ್ಲಿ ಮಲಯಾಳಂ ಮೇಸ್ತ್ರಿಯೊಬ್ಬನ ವಿಡಿಯೊ ಐದು ಸಲ ನೋಡಿದರು. ಭಾಷೆ ಅರ್ಥವಾಗದಿದ್ದರೂ ಕೈ ಅರ್ಥವಾಗುತ್ತದೆ ಎಂಬುದು ಅವರ ವಾದ. ಜಾಕ್ ಏರಿಸಿ ಹಾಗೇ ನುಗ್ಗಲು ಹೊರಟರು. ತಡೆದವರು ಶ್ರೀಮತಿಯವರು. ಜಾಕು ಇರುವುದು ಎತ್ತುವುದಕ್ಕೆ, ಹೊರುವುದಕ್ಕಲ್ಲ. ಕಾರಿನ ಭಾರ ಸ್ಟ್ಯಾಂಡಿನ ಮೇಲೆ ಕೂರುವವರೆಗೆ ಯಾವ ಗಂಡನೂ ಕೆಳಗೆ ಹೋಗತಕ್ಕದ್ದಲ್ಲ. ಇಡೀ ಬೀದಿಯಲ್ಲಿ ಕಾರಿನ ವಿಷಯದಲ್ಲಿ ಸರಿಯಾದ ಮಾತು ಆಡುವವರು ಅವರೊಬ್ಬರೇ ಎಂದು ನನಗೆ ಬಹಳ ಸಲ ಅನ್ನಿಸಿದೆ. ಬ್ರೇಕಿಗೆ ಕೈ ಹಾಕಬಾರದು ಎಂಬುದೂ ಅವರದೇ ಆಜ್ಞೆ, ಅದು ಇವತ್ತಿಗೂ ಜಾರಿಯಲ್ಲಿದೆ.

ಇಂಜಿನ್ನಿನಡಿಯ ಡ್ರೈನ್ ಪ್ಲಗ್ಗು ಎಡಕ್ಕೆ ತಿರುಗಿಸಿದರೆ ಸಡಿಲ, ಬಲಕ್ಕೆ ಬಿಗಿ. ಅಂಗಾತ ಮಲಗಿದರೂ ಈ ನಿಯಮ ಬದಲಾಗುವುದಿಲ್ಲ. ಬದಲಾಗುವುದು ಮಲಗಿದವನ ತಲೆ. ರಾಯರು ಅರ್ಧ ಗಂಟೆ ಶಕ್ತಿಮೀರಿ ಬಿಗಿ ಮಾಡಿದರು. ಆಮೇಲೆ ಗೊತ್ತಾಯಿತು. ಆಮೇಲೆ ಅದನ್ನು ಸಡಿಲ ಮಾಡಲು ಸ್ಪ್ಯಾನರಿಗೆ ಕಬ್ಬಿಣದ ಪೈಪು ಸಿಕ್ಕಿಸಿ ಇಬ್ಬರೂ ಜೋತುಬಿದ್ದೆವು. ಪ್ಲಗ್ಗು ಬಂತು, ಅದರ ಹಿಂದೆಯೇ ಕಾದ ಕಪ್ಪು ಎಣ್ಣೆಯೂ ಬಂತು. ಹಿಡಿಯಲು ಏನೂ ಇಟ್ಟಿರಲಿಲ್ಲ. ನಾನು ಓಡಿಹೋಗಿ ಅಡುಗೆಮನೆಯಲ್ಲಿ ಕೈಗೆ ಸಿಕ್ಕ ಪರಾತ ತಂದೆ. ಅದು ಶ್ರೀಮತಿಯವರ ತವರಿನಿಂದ ಬಂದ, ಒಬ್ಬಟ್ಟಿನ ಕಣಕ ಕಲೆಸುವ ಪರಾತವೆಂದು ನನಗೆ ಹೇಗೆ ತಿಳಿಯಬೇಕು? ಆ ಯುಗಾದಿಗೆ ನಮ್ಮ ಮನೆಗೆ ಒಬ್ಬಟ್ಟು ಬರಲಿಲ್ಲ.

ಎಣ್ಣೆಯ ಬಣ್ಣ ನೋಡಿ ರಾಯರು ಕಂಗಾಲಾದರು. "ನೋಡ್ರೀ, ಎಂಥ ಕಲಬೆರಕೆ ಹಾಕಿದಾನೆ!" ಎಂದು ಹಳೇ ಗ್ಯಾರೇಜಿನವನನ್ನು ಬೈದರು. ಒಳಗಿನ ಮಸಿಯನ್ನೆಲ್ಲ ತಾನು ಹೊತ್ತುಕೊಂಡರೆ ಎಣ್ಣೆ ಕಪ್ಪಾಗಲೇಬೇಕು, ಅದು ಅದರ ಕೆಲಸ. ಇದು ತಿಳಿಯಲು ಇನ್ನೊಂದು ವಿಡಿಯೊ ಬೇಕಾಯಿತು. ಆಯಿಲ್ ಫಿಲ್ಟರನ್ನು ಮಾತ್ರ ಅವರು ಕಬ್ಬಿಣದ ಕಪಾಟಿನ ಬೀಗದ ಹಾಗೆ ಬಿಗಿದುಬಿಟ್ಟರು. ರಬ್ಬರು ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ತಿರುಗಿಸಿದರೆ ಸಾಕು ಎಂದು ಫಿಲ್ಟರಿನ ಮೈಮೇಲೇ ಅಚ್ಚಾಗಿತ್ತು. ಕೈಪಿಡಿಯ ಹೊರಗೆ ಅಚ್ಚಾದದ್ದನ್ನು ಅವರು ದಾಖಲೆಯೆಂದು ಒಪ್ಪುವುದಿಲ್ಲ. ಮುಂದಿನ ಸಲ ಅದನ್ನು ಬಿಚ್ಚಲು ಸ್ಕ್ರೂಡ್ರೈವರನ್ನು ಈ ಕಡೆಯಿಂದ ಆ ಕಡೆಗೆ ಚುಚ್ಚಿ ತಿರುಗಿಸಬೇಕಾಯಿತು.

ಇವೆಲ್ಲ ಸಣ್ಣ ಪುಟ್ಟದ್ದು. ಬೀದಿಯ ಚರಿತ್ರೆಯಲ್ಲಿ ಉಳಿಯುವುದು ಪ್ಲಗ್ಗಿನ ಪ್ರಕರಣ.

ಕಾರು ಮಿಸ್ಸಿಂಗ್ ಹೊಡೆಯುತ್ತಿದೆ ಎಂದು ರಾಯರು ಮೂರು ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿದರು, ಫೀಲರ್ ಗೇಜ್ ಹಾಕಿ ಸಂದು ಅಳೆದರು. ಆ ಕೆಲಸ ನಿಜಕ್ಕೂ ಚೆನ್ನಾಗಿಯೇ ಮಾಡಿದರು. ತಪ್ಪಿದ್ದು, ವೈರುಗಳನ್ನು ಒಂದೊಂದಾಗಿ ತೆಗೆಯದೆ ಮೂರನ್ನೂ ಒಟ್ಟಿಗೆ ಕಿತ್ತಿದ್ದರಲ್ಲಿ. ಡಿಸ್ಟ್ರಿಬ್ಯೂಟರಿನಿಂದ ಹೊರಟ ಯಾವ ವೈರು ಯಾವ ಸಿಲಿಂಡರಿಗೆ? ಕಿಡಿ ಹಾರುವ ಸರದಿ ಒಂದು, ಮೂರು, ಎರಡು ಎಂದು ನಾನು ಕೈಪಿಡಿಯಲ್ಲಿ ಓದಿ ಹೇಳಿದೆ. ರಾಯರು ಕನ್ನಡಕ ಸರಿಸಿ ನನ್ನ ಮುಖ ನೋಡಿದರು.

"ಒಂದಾದ ಮೇಲೆ ಮೂರು ಹೇಗೆ ಬರುತ್ತೇರೀ?"

"ಹಾಗಂತ ಬರೆದಿದೆ."

"ಅಚ್ಚಿನ ತಪ್ಪು. ಮೂವತ್ತನಾಲ್ಕು ವರ್ಷ ವೋಚರ್ ಜೋಡಿಸಿದ್ದೀನಿ. ಒಂದಾದ ಮೇಲೆ ಎರಡು."

ಹಾಗೆಯೇ ಜೋಡಿಸಿ, ಒಳಗೆ ಕೂತು ಸೆಲ್ಫ್ ಹೊಡೆದರು. ಕಾರು ಮೊದಲು ಕೆಮ್ಮಿತು, ಮೈ ನಡುಗಿಸಿತು, ಆಮೇಲೆ ಸೈಲೆನ್ಸರಿನಿಂದ 'ಢಂ' ಎಂದು ಆನೆಪಟಾಕಿ ಹಾರಿಸಿತು. ಹೊಂಗೆಮರದ ಕಾಗೆಗಳೆಲ್ಲ ಎದ್ದವು. ಎದುರುಮನೆಯ ಅಜ್ಜಿ ಬಾಗಿಲಿಗೆ ಬಂದು, "ಈ ಸಲ ದೀಪಾವಳಿ ಬೇಗ ಬಂತೇನೋ" ಎಂದರು. ರಾಯರು ಕೆಳಗಿಳಿದು, ಒಂದು ಮಾತೂ ಆಡದೆ ಎರಡು ವೈರು ಅದಲುಬದಲು ಮಾಡಿದರು. ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತು. ಇಂದಿಗೂ ಆ ಪುಟದ ಅಂಚಿನಲ್ಲಿ ಅವರ ಅಕ್ಷರದಲ್ಲಿ ಒಂದು ಷರಾ ಇದೆ: 'ಪರಿಶೀಲಿಸಲಾಗಿದೆ. ಸರಿ ಇದೆ.'

ರಿಪೇರಿಗೆಂದೇ ಒಂದು ಲೆಡ್ಜರ್ ಇದೆ. ಎಡಕ್ಕೆ ಖರ್ಚು, ಬಲಕ್ಕೆ ಗ್ಯಾರೇಜಿಗೆ ಹೋಗಿದ್ದರೆ ಆಗುತ್ತಿದ್ದ ಖರ್ಚು. ಕಳೆದ ವರ್ಷದ ಉಳಿತಾಯ 4,200 ರೂಪಾಯಿ. ಅದೇ ವರ್ಷ ಕೊಂಡ ಸಾಕೆಟ್ ಸೆಟ್ಟು, ಟಾರ್ಕ್ ರೆಂಚು, ಸ್ಟ್ಯಾಂಡುಗಳ ಬೆಲೆ 11,600. "ಇದು ನಷ್ಟವಲ್ಲವೇ?" ಎಂದರೆ ರಾಯರಿಗೆ ಸಿಟ್ಟು ಬರುತ್ತದೆ. ಅದು ಬಂಡವಾಳ ವೆಚ್ಚ, ಹತ್ತು ವರ್ಷಕ್ಕೆ ಹಂಚಬೇಕು. ಜೆ.ಸಿ. ರಸ್ತೆಯಲ್ಲಿ ಒಂದು ಗ್ಯಾಸ್ಕೆಟ್ಟಿಗಾಗಿ ಮೂರು ಅಂಗಡಿ ಸುತ್ತಿ, "ಒರಿಜಿನಲ್ಲೋ ಲೋಕಲ್ಲೋ, ಟೈಪ್ ಒನ್ನೋ ಟೈಪ್ ಟೂನೋ" ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟು, ನಲವತ್ತು ರೂಪಾಯಿಯ ವಸ್ತು ತರಲು ಆಟೋಗೆ ಕೊಟ್ಟ ಮುನ್ನೂರು ಲೆಡ್ಜರಿನ ಯಾವ ಕಡೆಯಲ್ಲೂ ಇಲ್ಲ. ಅದು ವಾಯುವಿಹಾರವಂತೆ.

ಇನ್ನು ಉಳಿದ ಬೋಲ್ಟುಗಳ ವಿಚಾರ. ಕಾರನ್ನು ಬಿಚ್ಚಿ ಜೋಡಿಸಿದ ಮೇಲೆ ಒಂದೋ ಎರಡೋ ಕೈಯಲ್ಲಿ ಉಳಿಯುವುದು ಲೋಕಾರೂಢಿ. ಬೇರೆಯವರಾದರೆ ಯಾರೂ ನೋಡದಾಗ ಚರಂಡಿಗೆ ಎಸೆಯುತ್ತಾರೆ. ರಾಯರು ಹಾಗೆ ಮಾಡುವವರಲ್ಲ. ತಾಳೆಯಾಗದ ಮೊತ್ತವನ್ನು ಬ್ಯಾಂಕಿನಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಒಂದು ಬಿಸ್ಕತ್ತಿನ ತಗಡಿನ ಡಬ್ಬಕ್ಕೆ 'ಸಸ್ಪೆನ್ಸ್ ಖಾತೆ' ಎಂದು ಚೀಟಿ ಅಂಟಿಸಿ, ಪ್ರತಿ ಬೋಲ್ಟಿಗೂ ತಾರೀಖಿನ ದಾರ ಕಟ್ಟಿ ಅದರಲ್ಲಿ ಹಾಕಿಟ್ಟರು. ವರ್ಷಾಂತ್ಯಕ್ಕೆ ಇತ್ಯರ್ಥ ಮಾಡುವ ಸಂಕಲ್ಪ. ಹೋದ ನವರಾತ್ರಿಯ ಹೊತ್ತಿಗೆ ಅದರಲ್ಲಿ ಹದಿನಾಲ್ಕು ಬಾಕಿ ಇತ್ತು.

ಆಯುಧಪೂಜೆಯ ಹಿಂದಿನ ಸಂಜೆ ಬ್ಯಾಟರಿ ಶುದ್ಧ ಮಾಡಬೇಕೆಂದು ಕೂತರು. ಟರ್ಮಿನಲ್ಲಿನ ಮೇಲೆ ಹಸಿರು ಬಿಳುಪಿನ ಬೂಷ್ಟು ಕಟ್ಟಿತ್ತು. ಈ ಸಲ ಎಲ್ಲವೂ ಶಾಸ್ತ್ರೋಕ್ತ. ಮೊದಲು ನೆಗೆಟಿವ್ ಬಿಚ್ಚಿದರು. ಪಾಸಿಟಿವ್ ಮೊದಲು ಬಿಚ್ಚಹೋಗಿ ಸ್ಪ್ಯಾನರು ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ. ಬಿಸಿನೀರಿಗೆ ಅಡುಗೆಸೋಡ ಹಾಕಿ ತೊಳೆದರು, ಒರೆಸಿದರು, ವ್ಯಾಸಲಿನ್ ಸವರಿದರು. ನೆಗೆಟಿವ್ ಕೇಬಲ್ಲಿನ ಇನ್ನೊಂದು ತುದಿ ಬಾಡಿಗೆ ಸೇರುವ ಕಡೆಯೂ ತುಕ್ಕು ಕಂಡು, ಆ ಬೋಲ್ಟನ್ನೂ ಬಿಚ್ಚಿ ಉಜ್ಜಿದರು. ಅಷ್ಟರಲ್ಲಿ ಕರೆಂಟು ಹೋಯಿತು. ನನ್ನ ಟಾರ್ಚಿನ ಸೆಲ್ಲೂ ಹೋಗಿತ್ತು. ಕತ್ತಲಲ್ಲೇ ಜೋಡಿಸಿದರು.

ಮಾರನೆ ಬೆಳಿಗ್ಗೆ ಕಾರು ಮದುಮಗಳಾಗಿ ನಿಂತಿತು. ಎರಡು ಬಾಳೆಕಂದು, ಸೇವಂತಿಗೆ ಹಾರ, ಬಾನೆಟ್ಟಿನ ಮೇಲೆ ವಿಭೂತಿಪಟ್ಟೆ, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು. ಪಕ್ಕದ ಮಣೆಯ ಮೇಲೆ ಸ್ಪ್ಯಾನರು, ಸಾಕೆಟ್ಟು, ಟಾರ್ಕ್ ರೆಂಚು, ಜೊತೆಗೆ ಸಸ್ಪೆನ್ಸ್ ಖಾತೆ. ಎಲ್ಲಕ್ಕೂ ಅರಿಸಿನ ಕುಂಕುಮ, ಮೇಲೊಂದು ಅಕ್ಷತೆ. ಮಂಗಳಾರತಿಯಾಯಿತು. ಬೂದುಗುಂಬಳ ಒಡೆದಾಯಿತು. ಬೀದಿಯ ಜನವೆಲ್ಲ ಕಡಲೆಪುರಿಯ ಪೊಟ್ಟಣ ಹಿಡಿದು ನಿಂತಿದ್ದರು. ರಾಯರು ನಿಂಬೆಹಣ್ಣು ಹತ್ತಿಸಲು ಒಳಗೆ ಕೂತು ಕೀಲಿ ತಿರುಗಿಸಿದರು. ಹಾರನ್ನು ಒಮ್ಮೆ ಕುಂಯ್ ಎಂದಿತು. ದೀಪ ಕಣ್ಣು ಮಿಟುಕಿಸಿತು. ಸೆಲ್ಫು 'ಟಕ್' ಎಂದು ಸುಮ್ಮನಾಯಿತು.

ಹೂ ಮುಡಿಸಿದ ಸ್ಕೂಟರಿನಲ್ಲಿ ಹೋಗುತ್ತಿದ್ದ ಗ್ಯಾರೇಜಿನ ಹುಡುಗನೊಬ್ಬ ನಿಲ್ಲಿಸಿ, ಬಾನೆಟ್ ಎತ್ತಿಸಿ, ಬಗ್ಗಿ ನೋಡಿ, ಹತ್ತು ಸೆಕೆಂಡಿನಲ್ಲಿ ಕೇಳಿದ: "ಸಾರ್, ಅರ್ತಿಂಗ್ ಬೋಲ್ಟ್ ಎಲ್ಲಿ? ವೈರ್ ಸುಮ್ನೆ ಒರಗಿಕೊಂಡೈತೆ. ಲೈಟಿಗೆ ಅಷ್ಟು ಸಾಕು, ಸೆಲ್ಫು ನೂರು ಆಂಪ್ ಎಳೀತದೆ, ಅದಕ್ಕೆ ಎಲ್ಲಿ ಸಾಲ್ತದೆ?"

ರಾಯರ ಕಣ್ಣು ಮಣೆಯ ಕಡೆ ಹೋಯಿತು, ಡಬ್ಬದ ಕಡೆ. ಕೈ ಚಾಚಿದರು.

"ಮುಟ್ಟಬೇಡಿ!" ಎಂದರು ಶ್ರೀಮತಿಯವರು. "ಪೂಜೆಗಿಟ್ಟದ್ದು. ನಾಳೆ ವಿಜಯದಶಮಿ, ಮರುಪೂಜೆ ಆಗೋವರೆಗೆ ಒಂದು ಸ್ಪ್ಯಾನರೂ ಮೇಲೆ ಏಳಬಾರದು."

ಬೋಲ್ಟೂ ದೇವರ ವಶ, ಅದನ್ನು ಬಿಗಿಯುವ ಸಾಮಾನೂ ದೇವರ ವಶ. ಹುಡುಗನ ಹತ್ತಿರ ಕೇಳೋಣವೆಂದರೆ ಅವನ ಸಾಮಾನೂ ಗ್ಯಾರೇಜಿನಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಕೊನೆಗೆ ನ್ಯೂಟ್ರಲ್ಲಿಗೆ ಹಾಕಿ, ನಾವು ಆರು ಜನ ಹಿಂದಿನಿಂದ ತಳ್ಳಿದೆವು. ರಾಯರು ಸ್ಟೀರಿಂಗ್ ಹಿಡಿದು, ಮೆರವಣಿಗೆಯ ಗಾಂಭೀರ್ಯದಲ್ಲಿ ನೆಟ್ಟಗೆ ಕೂತಿದ್ದರು. ಮೂರು ನಿಂಬೆಹಣ್ಣು ಅಪ್ಪಚ್ಚಿಯಾದವು. ನಾಲ್ಕನೆಯದು ಜಾರಿ ಚರಂಡಿಗೆ ಹೋಯಿತು.

ದಶಮಿಯ ದಿನ ಮರುಪೂಜೆಯಾದ ಮೇಲೆ ಡಬ್ಬ ತೆರೆದು, ಆಯುಧಪೂಜೆಯ ಮುನ್ನಾದಿನದ ತಾರೀಖಿನ ದಾರವಿದ್ದ ಬೋಲ್ಟನ್ನು ಹುಡುಕಿ ಬಿಗಿದರು. ಒಂದೇ ಸೆಲ್ಫಿಗೆ ಸ್ಟಾರ್ಟ್. ಲೆಡ್ಜರಿನಲ್ಲಿ ಜಮೆಯಾಯಿತು. ಸಸ್ಪೆನ್ಸ್ ಖಾತೆಯಲ್ಲಿ ಈಗ ಬಾಕಿ ಹದಿಮೂರು.